ಮಣ್ಣಿನ ಗೋಳದ ಮೇಲೆ ಬೆಳಕು: ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಬೆಳಕು-ನೆರಳನ್ನು ಲೆಕ್ಕ ಹಾಕುವ ಬಗೆ

ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಶೇಡಿಂಗ್ ಎಂದರೆ ಪ್ರತಿ ಪಿಕ್ಸೆಲ್‌ಗೂ ಒಂದೇ ಪ್ರಶ್ನೆಯನ್ನು ಕೇಳುವುದು: ಇಲ್ಲಿ ಕಾಣುತ್ತಿರುವ ಬಿಂದುವಿನಿಂದ ನೋಡುಗನ ಕಣ್ಣಿನ ಕಡೆಗೆ ಎಷ್ಟು ಬೆಳಕು, ಯಾವ ಬಣ್ಣದ ಬೆಳಕು ಹೊರಡುತ್ತದೆ? ಆಟಗಳಲ್ಲಿ ಕಾಣುವ ಒದ್ದೆ ರಸ್ತೆಯ ಹೊಳಪು, ಅನಿಮೇಷನ್ ಚಿತ್ರಗಳ ಪಾತ್ರದ ಕೆನ್ನೆಯ ಮೇಲಿನ ಮೃದುವಾದ ನೆರಳು, ಮನೆ ಕಟ್ಟುವ ಮೊದಲೇ ವಾಸ್ತುಶಿಲ್ಪಿ ತೋರಿಸುವ ಹಜಾರದ ಚಿತ್ರ, ಇವೆಲ್ಲವೂ ಈ ಪ್ರಶ್ನೆಗೆ ಬೇರೆ ಬೇರೆ ಮಟ್ಟದ ನಿಖರತೆಯಲ್ಲಿ ಕೊಟ್ಟ ಉತ್ತರಗಳು. ಇದನ್ನು ಕಲಿಯಲು ದೊಡ್ಡ ಗೇಮ್ ಎಂಜಿನ್ ಬೇಕಿಲ್ಲ. ಎಂಜಿನ್‌ನಿಂದ ಶುರು ಮಾಡಿದವರಿಗೆ ಗುಂಡಿಗಳ ಹೆಸರು ಬೇಗ ಪರಿಚಯವಾಗುತ್ತದೆ, ಆದರೆ ಆ ಗುಂಡಿ ಯಾವ ಸಂಖ್ಯೆಯನ್ನು ಏನು ಮಾಡುತ್ತದೆ ಎಂಬುದು ಬಹುಕಾಲ ಮಬ್ಬಾಗಿಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಯಾವ ಲೈಬ್ರರಿಯ ನೆರವೂ ಇಲ್ಲದೆ, ನಿಮಗೆ ಗೊತ್ತಿರುವ ಯಾವುದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಒಂದು ಮಣ್ಣಿನ ಗೋಳವನ್ನು ಬಿಡಿಸೋಣ. ಪ್ರತಿ ಹಂತದಲ್ಲೂ ಒಂದು ಪಿಕ್ಸೆಲ್‌ನ ಬೆಲೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ ಪರದೆಯ ಬೆಲೆಯೊಂದಿಗೆ ತಾಳೆ ನೋಡೋಣ.

ಕ್ಯಾನ್‌ವಾಸ್ ಮತ್ತು ಗೋಳ

500 ಪಿಕ್ಸೆಲ್ ಅಗಲ, 500 ಪಿಕ್ಸೆಲ್ ಎತ್ತರದ ಚಿತ್ರವೊಂದನ್ನು ತೆಗೆದುಕೊಳ್ಳಿ. ಪಿಪಿಎಂ ಎಂಬ ಪಠ್ಯರೂಪದ ಕಡತವಾದರೆ ಚಿತ್ರವನ್ನು ಉಳಿಸುವುದು ಸುಲಭ: ಮೇಲೆ ಗುರುತು, ಅಗಲ, ಎತ್ತರ ಮತ್ತು 255 ಎಂಬ ಗರಿಷ್ಠ ಬೆಲೆ, ಅದರ ಕೆಳಗೆ ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಸಂಖ್ಯೆಗಳು. ಗೋಳದ ತ್ರಿಜ್ಯ 1, ಅದರ ಕೇಂದ್ರ ಚಿತ್ರದ ನಟ್ಟನಡುವೆ. ಎಕ್ಸ್ ಬಲಕ್ಕೆ, ವೈ ಮೇಲಕ್ಕೆ, ಝಡ್ ನಮ್ಮ ಕಡೆಗೆ ಬೆಳೆಯುತ್ತದೆ ಎಂದು ಗೊತ್ತುಪಡಿಸಿಕೊಂಡು, 200 ಪಿಕ್ಸೆಲ್‌ಗಳನ್ನು ಒಂದು ಮಾನ ಎಂದಿಟ್ಟುಕೊಂಡರೆ ಹೀಗಾಗುತ್ತದೆ:

ಎಕ್ಸ್ = (ಕಂಬಸಾಲು − 250) ÷ 200
ವೈ = (250 − ಅಡ್ಡಸಾಲು) ÷ 200

ಎರಡನೆಯ ಸೂತ್ರದಲ್ಲಿ ಕಳೆಯುವ ಕ್ರಮ ತಿರುಗಿರುವುದನ್ನು ಗಮನಿಸಿ. ಚಿತ್ರದ ಕಡತದಲ್ಲಿ ಅಡ್ಡಸಾಲುಗಳ ಎಣಿಕೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಇದನ್ನು ಮರೆತರೆ ಮೇಲಿಟ್ಟ ದೀಪ ಕೆಳಗಿನಿಂದ ಬೆಳಗುತ್ತದೆ. ಎಕ್ಸ್ ವರ್ಗ ಮತ್ತು ವೈ ವರ್ಗಗಳ ಮೊತ್ತ 1ನ್ನು ಮೀರಿದರೆ ಆ ಪಿಕ್ಸೆಲ್ ಗೋಳದ ಹೊರಗಿದೆ. ಮೀರದಿದ್ದರೆ, 1ರಿಂದ ಆ ಮೊತ್ತವನ್ನು ಕಳೆದು ವರ್ಗಮೂಲ ತೆಗೆದರೆ ಝಡ್ ಸಿಗುತ್ತದೆ.

ಗೋಳವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಶೇಡಿಂಗ್‌ಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ನಾರ್ಮಲ್, ಅಂದರೆ ಮೇಲ್ಮೈಗೆ ಲಂಬವಾಗಿ ಹೊರಕ್ಕೆ ನಿಂತ, ಒಂದು ಮಾನ ಉದ್ದದ ಸದಿಶ. ತ್ರಿಜ್ಯ 1 ಇರುವ, ಮೂಲಬಿಂದುವಿನಲ್ಲೇ ಕೂತ ಗೋಳದಲ್ಲಿ ಬಿಂದುವಿನ ಸ್ಥಾನವೇ ಅದರ ನಾರ್ಮಲ್. ಬೇರೆ ಲೆಕ್ಕವೇ ಬೇಡ. ನಮ್ಮ ಪರೀಕ್ಷೆಗೆ 370ನೆಯ ಕಂಬಸಾಲು, 250ನೆಯ ಅಡ್ಡಸಾಲಿನ ಪಿಕ್ಸೆಲ್ ಹಿಡಿಯೋಣ. ಅಲ್ಲಿ ಎಕ್ಸ್ 0.6, ವೈ 0, ಝಡ್ 0.8. ನಾರ್ಮಲ್ ಕೂಡ (0.6, 0, 0.8). ಈ ಪಿಕ್ಸೆಲ್ ಕೊನೆಯವರೆಗೂ ನಮ್ಮ ಜೊತೆ ಬರುತ್ತದೆ.

ಲ್ಯಾಂಬರ್ಟ್ ಹೇಳಿದ ಕೊಸೈನ್

ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್ 1760ರಲ್ಲಿ ಬೆಳಕಿನ ಅಳತೆಯ ಕುರಿತು ಬರೆದ ಗ್ರಂಥದಲ್ಲಿರುವ ನಿಯಮವೇ ಇಂದಿಗೂ ಮಂಕು ಮೇಲ್ಮೈಗಳ ಶೇಡಿಂಗ್‌ನ ತಳಪಾಯ. ಒಂದು ಬೆಳಕಿನ ಕಟ್ಟು ಮೇಲ್ಮೈಯ ಮೇಲೆ ನೇರವಾಗಿ ಬಿದ್ದರೆ ತನ್ನ ಅಗಲದಷ್ಟೇ ಜಾಗವನ್ನು ಬೆಳಗುತ್ತದೆ. 60 ಡಿಗ್ರಿ ಓರೆಯಾಗಿ ಬಿದ್ದರೆ ಅದೇ ಬೆಳಕು ಎರಡರಷ್ಟು ಜಾಗಕ್ಕೆ ಹರಡಿ, ಪ್ರತಿ ಬಿಂದುವಿನ ಪಾಲು ಅರ್ಧಕ್ಕಿಳಿಯುತ್ತದೆ. 60 ಡಿಗ್ರಿಯ ಕೊಸೈನ್ ಅರ್ಧ ಎಂಬುದು ಇಲ್ಲಿ ಸೂತ್ರವಲ್ಲ, ಕಣ್ಣಿಗೆ ಕಾಣುವ ಸಂಗತಿ: ಬೆಳಗಿನ ಬಿಸಿಲು ಅಂಗಳದ ತುಂಬ ಉದ್ದಕ್ಕೆ ಚಾಚಿಕೊಂಡರೂ ಕಾವು ಕಡಿಮೆ ಇರಲು ಇದೂ ಒಂದು ಕಾರಣ.

ಎರಡು ಏಕಮಾನ ಸದಿಶಗಳ ನಡುವಿನ ಕೋನದ ಕೊಸೈನ್ ಬೇಕಾದರೆ ಅವುಗಳ ಡಾಟ್ ಪ್ರಾಡಕ್ಟ್, ಪಿಯುಸಿ ಗಣಿತದಲ್ಲಿ ಓದಿದ ಅದಿಶ ಗುಣಲಬ್ಧ, ತೆಗೆದರೆ ಸಾಕು. ದೀಪವನ್ನು ಬಲಕ್ಕೆ, ಮೇಲಕ್ಕೆ, ಸ್ವಲ್ಪ ನಮ್ಮ ಕಡೆಗೆ ಇಡೋಣ: ದಿಕ್ಕು (1, 2, 2). ಇದರ ಉದ್ದ 3, ಆದ್ದರಿಂದ ಮೂರರಿಂದ ಭಾಗಿಸಿದ (0.333, 0.667, 0.667) ನಮ್ಮ ಏಕಮಾನ ದಿಕ್ಕು. ಈ ದಿಕ್ಕು ಬಿಂದುವಿನಿಂದ ದೀಪದ ಕಡೆಗೆ ಹೋಗುತ್ತದೆಯೇ ಹೊರತು ದೀಪದಿಂದ ಬಿಂದುವಿನ ಕಡೆಗಲ್ಲ; ಇದು ತಿರುಗಿದರೆ ಗೋಳದ ಬೆಳಗಬೇಕಾದ ಭಾಗ ಕಪ್ಪಾಗುತ್ತದೆ.

ಬೆಳಕಿನ ಪಾಲು = ಗರಿಷ್ಠ(0, ನಾರ್ಮಲ್ · ದೀಪದ ದಿಕ್ಕು)

ನಮ್ಮ ಪಿಕ್ಸೆಲ್‌ಗೆ 0.6 × 0.333 + 0 × 0.667 + 0.8 × 0.667, ಅಂದರೆ 0.733. ಸೊನ್ನೆಯೊಂದಿಗೆ ಗರಿಷ್ಠ ತೆಗೆಯುವುದು ಏಕೆಂದರೆ, ದೀಪಕ್ಕೆ ಬೆನ್ನು ಮಾಡಿದ ಜಾಗದಲ್ಲಿ ಡಾಟ್ ಪ್ರಾಡಕ್ಟ್ ಋಣ ಸಂಖ್ಯೆಯಾಗುತ್ತದೆ, ಮತ್ತು ಋಣ ಬೆಳಕು ಎಂಬುದಿಲ್ಲ. ಮಣ್ಣಿನ ಬಣ್ಣ ಕೆಂಪು 0.45, ಹಸಿರು 0.15, ನೀಲಿ 0.07 ಎಂದಿಟ್ಟರೆ ಪಿಕ್ಸೆಲ್‌ನ ಬೆಲೆ (0.330, 0.110, 0.051).

ಈ ಸೂತ್ರದಲ್ಲಿ ಕಣ್ಣಿನ ದಿಕ್ಕು ಎಲ್ಲೂ ಬರಲಿಲ್ಲ. ಮಣ್ಣು, ಸುಣ್ಣದ ಗೋಡೆ, ಖಾದಿ ಬಟ್ಟೆಗಳಲ್ಲಿ ಬೆಳಕು ಮೇಲ್ಮೈಯ ಒಳಗೆ ಕಿಂಚಿತ್ತು ಹೊಕ್ಕು, ಕಣಗಳ ನಡುವೆ ಬಡಿದಾಡಿ, ಬಂದ ದಿಕ್ಕನ್ನೇ ಮರೆತು ಎಲ್ಲ ಕಡೆಗೂ ಹೊರಬರುವುದರಿಂದ ಅವು ಯಾವ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳಗಿ ಕಾಣುತ್ತವೆ. ಹೆಚ್ಚುಕಡಿಮೆ ಎಂದೆ, ಹುಣ್ಣಿಮೆಯ ಚಂದ್ರನನ್ನು ನೋಡಿದರೆ ಇದರ ಮಿತಿ ತಿಳಿಯುತ್ತದೆ. ಎದುರಿನಿಂದ ಬೆಳಗಿದ ಲ್ಯಾಂಬರ್ಟ್ ಗೋಳ ಅಂಚಿನ ಕಡೆಗೆ ಮಂಕಾಗುತ್ತ ಹೋಗಬೇಕು, ಆದರೆ ಹುಣ್ಣಿಮೆ ಚಂದ್ರ ಅಂಚಿನವರೆಗೂ ತಟ್ಟೆಯಂತೆ ಚಪ್ಪಟೆಯಾಗಿ ಬೆಳಗುತ್ತಾನೆ. ಒರಟು ಮೇಲ್ಮೈಗಳ ಈ ನಡತೆಯನ್ನು ಹಿಡಿಯುವ ಮಾದರಿಯನ್ನು ಮೈಕಲ್ ಓರೆನ್ ಮತ್ತು ಶ್ರೀ ನಾಯರ್ 1994ರಲ್ಲಿ ಕೊಟ್ಟರು. ಮಣ್ಣಿನ ಗೋಳಕ್ಕೆ ನಾವು ಲ್ಯಾಂಬರ್ಟ್‌ನಲ್ಲೇ ಮುಂದುವರಿಯೋಣ.

ಹೊಳಪಿಗೂ ಮೊದಲು ಗ್ಯಾಮಾ

ಹೆಚ್ಚಿನ ಪಾಠಗಳು ಗ್ಯಾಮಾವನ್ನು ಕೊನೆಗೆ, ಅನುಬಂಧದಂತೆ ಹೇಳುತ್ತವೆ. ಅದು ತಪ್ಪು ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಹೆಜ್ಜೆ ತಪ್ಪಿದ್ದರೆ ಮುಂದೆ ಹಾಕುವ ಪ್ರತಿಯೊಂದು ಸೂತ್ರವೂ ಸರಿಯಾಗಿದ್ದೂ ತಪ್ಪಾಗಿ ಕಾಣುತ್ತದೆ. ಮೊದಲ ಸಲ ನಾನು ಇಂಥದ್ದೇ ಗೋಳ ಬಿಡಿಸಿದಾಗ ಚಿತ್ರ ತೀರ ಕಪ್ಪಾಗಿತ್ತು. ದೀಪವನ್ನು ಹೆಚ್ಚಿಸಿದೆ, ಎರಡನೆಯ ದೀಪ ಸೇರಿಸಿದೆ, ಎಲ್ಲೆಡೆಗೂ ಸಮನಾದ ತಳಬೆಳಕು ಕೊಟ್ಟೆ, ಆಗ ಗೋಳ ಬೆಳಗಿತು ಆದರೆ ಗುಂಡಗಿನ ಭಾವವೇ ಹೊರಟುಹೋಯಿತು. ದೋಷ ದೀಪದಲ್ಲಿರಲಿಲ್ಲ. ಬೆಳಕಿನ ಪ್ರಮಾಣವನ್ನು ಹಾಗೆಯೇ 255ರಿಂದ ಗುಣಿಸಿ ಕಡತಕ್ಕೆ ಬರೆದಿದ್ದೆ.

ಪರದೆಗೆ ಕಳಿಸುವ ಸಂಖ್ಯೆ ಬೆಳಕಿನ ಪ್ರಮಾಣವಲ್ಲ, ಅದರ ಸಂಕೇತ. ಸಾಮಾನ್ಯ ಪರದೆ ತಾನು ಪಡೆದ ಸಂಖ್ಯೆಯನ್ನು ಸುಮಾರು 2.2ನೆಯ ಘಾತಕ್ಕೆ ಏರಿಸಿ ಬೆಳಕು ಹೊಮ್ಮಿಸುತ್ತದೆ. ಈ ಘಾತವೇ ಗ್ಯಾಮಾ. ಹಾಗಾಗಿ 0ಯಿಂದ 255ರ ನಡುವಿನ 128 ಎಂಬ ಬೆಲೆ ಅರ್ಧ ಬೆಳಕನ್ನಲ್ಲ, ಶೇಕಡ 22ರಷ್ಟು ಬೆಳಕನ್ನು ಮಾತ್ರ ಕೊಡುತ್ತದೆ. ನಿಜವಾಗಿ ಅರ್ಧ ಬೆಳಕು ಬೇಕಾದರೆ ಸುಮಾರು 186 ಬರೆಯಬೇಕು. ಆದ್ದರಿಂದ ಲೆಕ್ಕವನ್ನೆಲ್ಲ ಬೆಳಕಿನ ನಿಜ ಪ್ರಮಾಣದಲ್ಲೇ, ಅಂದರೆ ಲೀನಿಯರ್ ಬೆಲೆಗಳಲ್ಲೇ ಮಾಡಿ, ಕಡತಕ್ಕೆ ಬರೆಯುವ ಕೊನೆಯ ಗಳಿಗೆಯಲ್ಲಿ ಮಾತ್ರ ಹೀಗೆ ಬದಲಿಸಬೇಕು:

ಬರೆಯುವ ಬೆಲೆ = 255 × (ಬೆಳಕು ^ (1 ÷ 2.2))

ನಮ್ಮ ಪಿಕ್ಸೆಲ್‌ಗೆ ಇದು ಏನು ಮಾಡುತ್ತದೆ ನೋಡಿ. ಬದಲಿಸದೆ ಬರೆದರೆ (84, 28, 13), ಸುಟ್ಟ ಇಟ್ಟಿಗೆಗಿಂತಲೂ ಕಪ್ಪಾದ ಬಣ್ಣ. ಬದಲಿಸಿ ಬರೆದರೆ (154, 93, 66), ಕುಂಬಾರರ ಅಂಗಡಿಯ ಮಡಕೆಯ ಬಣ್ಣ. ಇದಕ್ಕೊಂದು ತಿರುಗುಮುಖದ ಕೆಲಸವೂ ಇದೆ: ಫೋಟೊದಿಂದ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರ, ತೆಗೆದುಕೊಂಡರೆ ಅದರ ಬಣ್ಣಗಳು ಈಗಾಗಲೇ ಸಂಕೇತರೂಪದಲ್ಲಿರುವುದರಿಂದ, ಲೆಕ್ಕಕ್ಕೆ ಬಳಸುವ ಮುನ್ನ 2.2ನೆಯ ಘಾತಕ್ಕೆ ಏರಿಸಿ ನಿಜ ಪ್ರಮಾಣಕ್ಕೆ ತರಬೇಕು. ಬಣ್ಣವಲ್ಲದ ಮಾಹಿತಿ, ಉದಾಹರಣೆಗೆ ನಾರ್ಮಲ್‌ಗಳನ್ನು ಬಣ್ಣದ ರೂಪದಲ್ಲಿ ಇಟ್ಟ ನಾರ್ಮಲ್ ಮ್ಯಾಪ್, ಈ ಬದಲಾವಣೆಗೆ ಒಳಗಾಗಬಾರದು. ಎಂಜಿನ್‌ಗಳಲ್ಲಿ ಕೆಲಸ ಮಾಡುವವರು ಟೆಕ್ಸ್ಚರ್ ಸೇರಿಸುವಾಗ ಎಸ್‌ಆರ್‌ಜಿಬಿ ಎಂಬ, ಬಣ್ಣ ಸಂಕೇತರೂಪದಲ್ಲಿದೆ ಎಂದು ಹೇಳುವ ಗುರುತನ್ನು ಹಾಕುವುದೋ ತೆಗೆಯುವುದೋ ಎಂದು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಹೊಳಪಿನ ಚುಕ್ಕೆ

ಈಗ ಮಣ್ಣಿನ ಗೋಳಕ್ಕೆ ಮೆರುಗು ಬಳಿಯೋಣ. ಮೆರುಗಿನ ಮೇಲೆ ಬಿದ್ದ ಬೆಳಕಿನ ಒಂದು ಪಾಲು ಒಳಹೊಗದೆ ಕನ್ನಡಿಯಲ್ಲಿ ತಿರುಗಿದಂತೆ ತಿರುಗುತ್ತದೆ, ಮತ್ತು ಅದು ಕಣ್ಣಿಗೆ ತಲುಪುವುದು ಕಣ್ಣು ಸರಿಯಾದ ದಿಕ್ಕಿನಲ್ಲಿದ್ದಾಗ ಮಾತ್ರ. ವಿಯೆಟ್ನಾಂ ಮೂಲದ ಬುಯಿ ತುವೊಂಗ್ ಫಾಂಗ್ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಇದಕ್ಕೊಂದು ಸರಳ ಮಾದರಿ ಕಟ್ಟಿದರು; 1975ರಲ್ಲಿ ಪ್ರಕಟವಾದ ಆ ಪ್ರಬಂಧದ ಮಾದರಿ ಅವರ ಹೆಸರಿನಿಂದಲೇ ಪ್ರಸಿದ್ಧ. ತಿರುಗಿದ ಕಿರಣಕ್ಕೂ ಕಣ್ಣಿನ ದಿಕ್ಕಿಗೂ ನಡುವಿನ ಕೊಸೈನ್ ತೆಗೆದು ಅದನ್ನು ದೊಡ್ಡ ಘಾತಕ್ಕೆ ಏರಿಸುವುದು ಅವರ ಉಪಾಯ. 1977ರಲ್ಲಿ ಜೇಮ್ಸ್ ಬ್ಲಿನ್ ಇದನ್ನು ತುಸು ತಿದ್ದಿದರು: ದೀಪದ ದಿಕ್ಕು ಮತ್ತು ಕಣ್ಣಿನ ದಿಕ್ಕುಗಳನ್ನು ಕೂಡಿಸಿ, ಏಕಮಾನಕ್ಕೆ ಇಳಿಸಿ, ಆ ನಡುದಿಕ್ಕನ್ನು ನಾರ್ಮಲ್‌ನೊಡನೆ ಹೋಲಿಸುವುದು. ನಾವು ಬ್ಲಿನ್ ಅವರ ದಾರಿ ಹಿಡಿಯೋಣ, ಏಕೆಂದರೆ ಓರೆ ನೋಟದಲ್ಲಿ ಹೊಳಪಿನ ಚುಕ್ಕೆ ಉದ್ದಕ್ಕೆ ಚಾಚಿಕೊಳ್ಳುವುದನ್ನು ಅದು ಹೆಚ್ಚು ಸಹಜವಾಗಿ ತೋರಿಸುತ್ತದೆ.

ಹೊಳಪು = ಗರಿಷ್ಠ(0, ನಾರ್ಮಲ್ · ನಡುದಿಕ್ಕು) ^ ನುಣುಪು

ಕಣ್ಣಿನ ದಿಕ್ಕು (0, 0, 1) ಆದ್ದರಿಂದ ನಡುದಿಕ್ಕು (0.183, 0.365, 0.913). ನಮ್ಮ ಪಿಕ್ಸೆಲ್‌ನಲ್ಲಿ ಡಾಟ್ ಪ್ರಾಡಕ್ಟ್ 0.840, ಇದು ಸಣ್ಣ ಸಂಖ್ಯೆಯಲ್ಲ, ಆದರೆ ನುಣುಪನ್ನು 32 ಎಂದಿಟ್ಟು ಘಾತಕ್ಕೆ ಏರಿಸಿದರೆ ಸುಮಾರು 0.004ಕ್ಕೆ ಕುಸಿಯುತ್ತದೆ. ಅಲ್ಲಿ ಹೊಳಪು ಇಲ್ಲವೆಂದೇ ಲೆಕ್ಕ. 290ನೆಯ ಕಂಬಸಾಲು, 170ನೆಯ ಅಡ್ಡಸಾಲಿಗೆ ಹೋಗಿ ನೋಡಿ: ಡಾಟ್ ಪ್ರಾಡಕ್ಟ್ 0.999, ಘಾತಕ್ಕೆ ಏರಿಸಿದ ಮೇಲೂ 0.97 ಉಳಿಯುತ್ತದೆ. ಘಾತದ ಕೆಲಸವೇ ಇದು. ಒಂದಕ್ಕೆ ಹತ್ತಿರವಿರುವುದನ್ನು ಉಳಿಸಿ ಉಳಿದದ್ದನ್ನು ಅಳಿಸುತ್ತದೆ.

ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಸಂಗತಿಯಿದೆ. ಗೋಳದಲ್ಲಿ ಮಣ್ಣಿನ ಬಣ್ಣ ಅತಿ ಹೆಚ್ಚು ಬೆಳಗುವ ಜಾಗ ನಾರ್ಮಲ್ ದೀಪದ ದಿಕ್ಕಿಗೆ ನೇರವಾಗುವ 317ನೆಯ ಕಂಬಸಾಲು, 117ನೆಯ ಅಡ್ಡಸಾಲು. ಹೊಳಪಿನ ಚುಕ್ಕೆಯ ನಡುವೆ ಇರುವುದು 287ನೆಯ ಕಂಬಸಾಲು, 177ನೆಯ ಅಡ್ಡಸಾಲು. ಎರಡೂ ಒಂದೇ ಕಡೆ ಇಲ್ಲ, ಇರಲೂಬಾರದು. ಕಣ್ಣು ಕದಲಿದರೆ ಮೊದಲನೆಯದು ಗೋಳಕ್ಕೆ ಅಂಟಿಕೊಂಡೇ ಇರುತ್ತದೆ, ಎರಡನೆಯದು ಮೇಲ್ಮೈಯ ಮೇಲೆ ಜಾರುತ್ತದೆ. ನಿಮ್ಮ ಚಿತ್ರದಲ್ಲಿ ಎರಡೂ ಒಂದರ ಮೇಲೊಂದು ಕೂತಿದ್ದರೆ ನಡುದಿಕ್ಕಿನ ಬದಲು ದೀಪದ ದಿಕ್ಕನ್ನೇ ಬಳಸಿದ್ದೀರಿ ಎಂದರ್ಥ.

ನುಣುಪನ್ನು 8ರಿಂದ 32ಕ್ಕೆ ಏರಿಸಿದರೆ ಚುಕ್ಕೆ ಕಿರಿದಾಗುತ್ತದೆ, ಆದರೆ ಅದರ ನಡುವಿನ ಬೆಳಕು ಅಷ್ಟೇ ಇರುತ್ತದೆ. ಅಂದರೆ ನುಣುಪಾದ ಮೇಲ್ಮೈ ಒಟ್ಟಿನಲ್ಲಿ ಕಡಿಮೆ ಬೆಳಕನ್ನು ತಿರುಗಿಸಿದಂತಾಯಿತು, ಇದು ವಾಸ್ತವಕ್ಕೆ ವಿರುದ್ಧ. ಇದನ್ನು ಸರಿಪಡಿಸಲು ಹೊಳಪನ್ನು (ನುಣುಪು + 8) ÷ 8 ಎಂಬ ಸಂಖ್ಯೆಯಿಂದಲೂ, ದೀಪದ ಬೆಳಕಿನ ಪಾಲಿನಿಂದಲೂ ಗುಣಿಸುವುದು ರೂಢಿ. ನುಣುಪು 8 ಆದರೆ ಈ ಸಂಖ್ಯೆ 2, 32 ಆದರೆ 5. ಮೆರುಗು ನೇರ ನೋಟದಲ್ಲಿ ತಿರುಗಿಸುವ ಬೆಳಕು ಶೇಕಡ 4 ಎಂದು ಹಿಡಿದರೆ, 0.04 × 5, ಅಂದರೆ 0.2ರಿಂದ ಹೊಳಪನ್ನು ಗುಣಿಸಿ ಮಣ್ಣಿನ ಬೆಳಕಿಗೆ ಕೂಡಿಸಿ. ಕೂಡಿಸುವಾಗ ಮೂರೂ ಬಣ್ಣಗಳಿಗೆ ಒಂದೇ ಬೆಲೆ ಕೂಡಿಸಬೇಕು. ಮೆರುಗಿನ ಹೊಳಪು ದೀಪದ ಬಣ್ಣದ್ದೇ ಹೊರತು ಮಣ್ಣಿನ ಬಣ್ಣದ್ದಲ್ಲ.

ಗೋಳವಲ್ಲದ ಆಕಾರಗಳು

ನಿಜವಾದ ಕೆಲಸದಲ್ಲಿ ವಸ್ತುಗಳು ತ್ರಿಕೋನಗಳ ಜಾಲದಿಂದ ಆಗಿರುತ್ತವೆ. ತ್ರಿಕೋನಕ್ಕೆ ಒಂದೇ ನಾರ್ಮಲ್ ಕೊಟ್ಟರೆ ವಜ್ರದ ಮುಖಗಳಂತೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. 1971ರಲ್ಲಿ ಹೆನ್ರಿ ಗೂರೋ, ಅವರೂ ಯೂಟಾದವರೇ, ತ್ರಿಕೋನದ ಮೂರು ಮೂಲೆಗಳಲ್ಲಿ ಬಣ್ಣ ಲೆಕ್ಕ ಹಾಕಿ ನಡುವೆ ಹಂಚುವ ದಾರಿ ತೋರಿಸಿದರು. ಮಂಕು ಮೇಲ್ಮೈಗೆ ಇದು ಸಾಕು. ಆದರೆ ಹೊಳಪಿನ ಚುಕ್ಕೆ ತ್ರಿಕೋನದ ನಡುವೆ ಬಿದ್ದರೆ ಮೂಲೆಗಳಿಗೆ ಅದರ ಸುಳಿವೇ ಇರುವುದಿಲ್ಲ. ವಸ್ತು ತಿರುಗಿದಂತೆ ಹೊಳಪು ಮಿಣುಕುತ್ತ ಮಾಯವಾಗುತ್ತದೆ. ಫಾಂಗ್ ಸೂಚಿಸಿದ್ದು ಬಣ್ಣವನ್ನಲ್ಲ, ನಾರ್ಮಲ್‌ಗಳನ್ನೇ ಹಂಚಿ, ಪ್ರತಿ ಪಿಕ್ಸೆಲ್‌ನಲ್ಲೂ ಲೆಕ್ಕವನ್ನು ಹೊಸದಾಗಿ ಮಾಡುವುದನ್ನು. ಇಂದಿನ ಗ್ರಾಫಿಕ್ಸ್ ಕಾರ್ಡ್‌ಗಳ ಪ್ರತಿ ಪಿಕ್ಸೆಲ್‌ಗೂ ಓಡುವ ಪುಟ್ಟ ಪ್ರೋಗ್ರಾಮುಗಳಾದ ಪಿಕ್ಸೆಲ್ ಶೇಡರ್‌ಗಳು ಮಾಡುವುದು ಇದನ್ನೇ.

ಹಂಚಿದ ನಾರ್ಮಲ್‌ನ ಉದ್ದ ಒಂದು ಮಾನ ಇರುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಪರಸ್ಪರ 60 ಡಿಗ್ರಿ ಅಗಲಿದ ಎರಡು ನಾರ್ಮಲ್‌ಗಳ ನಟ್ಟನಡುವಿನ ಸರಾಸರಿಯ ಉದ್ದ 0.866. ಮಂಕು ಬೆಳಕಿನಲ್ಲಿ ಈ ಕೊರತೆ ಅಷ್ಟಾಗಿ ಕಾಣದು, ಆದರೆ 0.866ನ್ನು 32ನೆಯ ಘಾತಕ್ಕೆ ಏರಿಸಿದರೆ 0.01 ಬರುತ್ತದೆ, ಹೊಳಪಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೋಯಿತು. ಪ್ರತಿ ಪಿಕ್ಸೆಲ್‌ನಲ್ಲೂ ನಾರ್ಮಲ್ ಅನ್ನು ಮತ್ತೆ ಏಕಮಾನಕ್ಕೆ ತಂದುಕೊಂಡೇ ಮುಂದುವರಿಯಿರಿ. ಇನ್ನೊಂದು ಎಚ್ಚರಿಕೆ: ವಸ್ತುವನ್ನು ಒಂದೇ ದಿಕ್ಕಿನಲ್ಲಿ ಹಿಗ್ಗಿಸಿದಾಗ ಬಿಂದುಗಳನ್ನು ಬದಲಿಸಿದ ಮ್ಯಾಟ್ರಿಕ್ಸ್‌ನಿಂದಲೇ ನಾರ್ಮಲ್ ಅನ್ನು ಬದಲಿಸಿದರೆ ಅದು ಮೇಲ್ಮೈಗೆ ಲಂಬವಾಗಿ ಉಳಿಯುವುದಿಲ್ಲ; ಆ ಮ್ಯಾಟ್ರಿಕ್ಸ್‌ನ ವಿಲೋಮದ ಪರಿವರ್ತವನ್ನು, ಅಂದರೆ ಇನ್ವರ್ಸ್ ಟ್ರಾನ್ಸ್‌ಪೋಸ್ ಅನ್ನು ಬಳಸಬೇಕು.

ಬೀಳುವ ನೆರಳು

ಇಲ್ಲಿಯವರೆಗಿನ ಲೆಕ್ಕ ಮೇಲ್ಮೈ ದೀಪಕ್ಕೆ ಮುಖ ಮಾಡಿದೆಯೇ ಎಂದಷ್ಟೇ ಕೇಳಿತು. ನಡುವೆ ಏನಾದರೂ ಅಡ್ಡ ಇದೆಯೇ ಎಂದು ಕೇಳಲಿಲ್ಲ. ಗೋಳದ ಹಿಂದೆ, ಝಡ್ −1 ಇರುವಲ್ಲಿ, ಒಂದು ಸುಣ್ಣದ ಗೋಡೆ ನಿಲ್ಲಿಸಿ. ಗೋಡೆಯ ಪ್ರತಿ ಬಿಂದುವಿನಿಂದ ದೀಪದ ಕಡೆಗೆ ಒಂದು ಕಿರಣ ಹೊರಡಿಸಿ, ಅದು ಗೋಳಕ್ಕೆ ಬಡಿದರೆ ಆ ದೀಪದ ಬೆಳಕು ಅಲ್ಲಿಗಿಲ್ಲ. ನಮ್ಮ ಗೋಳಕ್ಕೆ ಪರೀಕ್ಷೆ ಸರಳ: ಬಿಂದುವಿನ ಸ್ಥಾನಕ್ಕೂ ದೀಪದ ದಿಕ್ಕಿಗೂ ಡಾಟ್ ಪ್ರಾಡಕ್ಟ್ ತೆಗೆಯಿರಿ, ಅದು ಋಣ ಸಂಖ್ಯೆಯಾಗಿದ್ದು, ಸ್ಥಾನದ ಉದ್ದದ ವರ್ಗದಿಂದ ಅದರ ವರ್ಗವನ್ನು ಕಳೆದಾಗ 1ಕ್ಕಿಂತ ಕಡಿಮೆ ಬಂದರೆ ಗೋಳ ಅಡ್ಡವಿದೆ. 150ನೆಯ ಕಂಬಸಾಲು, 450ನೆಯ ಅಡ್ಡಸಾಲಿನಲ್ಲಿ ಗೋಡೆಯ ಬಿಂದು (−0.5, −1, −1). ಡಾಟ್ ಪ್ರಾಡಕ್ಟ್ −1.5, ಅದರ ವರ್ಗ 2.25, ಉದ್ದದ ವರ್ಗವೂ 2.25, ವ್ಯತ್ಯಾಸ ಸೊನ್ನೆ. ಅಲ್ಲಿಂದ ಹೊರಟ ಕಿರಣ ಗೋಳದ ಕೇಂದ್ರವನ್ನೇ ಹಾಯುತ್ತದೆ, ಆದ್ದರಿಂದ ಆ ಪಿಕ್ಸೆಲ್ ನೆರಳಿನ ನಡುಮಧ್ಯ.

ತ್ರಿಕೋನಗಳಿಗೆ ಸಾಮಾನ್ಯ ಕಿರಣಪರೀಕ್ಷೆ ಬರೆದಾಗ ಮೇಲ್ಮೈಯ ಮೇಲೆ ಕಪ್ಪು ಚುಕ್ಕಿಗಳು ಎರಚಿದಂತೆ ಕಾಣುವುದುಂಟು. ಕಂಪ್ಯೂಟರ್ ದಶಮಾಂಶ ಬೆಲೆಗಳನ್ನು ಇಡಲು ಬಳಸುವ ಫ್ಲೋಟ್ ಸಂಖ್ಯೆಗಳಿಗೆ ಸುಮಾರು ಏಳು ಅಂಕಿಗಳ ನಿಖರತೆ ಮಾತ್ರ ಇರುವುದರಿಂದ ಕಿರಣ ಹೊರಟ ಬಿಂದು ಕೂದಲೆಳೆಯಷ್ಟು ಮೇಲ್ಮೈಯ ಒಳಗೆ ಸಿಕ್ಕಿ, ಮೇಲ್ಮೈ ತನಗೆ ತಾನೇ ನೆರಳು ಮಾಡಿಕೊಳ್ಳುತ್ತದೆ. ಕಿರಣವನ್ನು ನಾರ್ಮಲ್ ದಿಕ್ಕಿನಲ್ಲಿ 0.001ರಷ್ಟು ಮೇಲೆತ್ತಿ ಹೊರಡಿಸಿದರೆ ಇದು ನಿಲ್ಲುತ್ತದೆ. ಹೆಚ್ಚು ಎತ್ತಿದರೆ ನೆರಳು ವಸ್ತುವಿನ ಬುಡದಿಂದ ಬೇರ್ಪಟ್ಟು, ವಸ್ತು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಆಟಗಳಲ್ಲಿ ಕಿರಣದ ಬದಲು ಲ್ಯಾನ್ಸ್ ವಿಲಿಯಮ್ಸ್ 1978ರಲ್ಲಿ ಕೊಟ್ಟ ಶ್ಯಾಡೋ ಮ್ಯಾಪ್ ಹೆಚ್ಚು ಬಳಕೆಯಲ್ಲಿದೆ: ಮೊದಲು ದೀಪದ ಜಾಗದಿಂದ ದೃಶ್ಯವನ್ನು ನೋಡಿ ಪ್ರತಿ ದಿಕ್ಕಿನಲ್ಲೂ ಹತ್ತಿರದ ವಸ್ತುವಿನ ದೂರವನ್ನು ಬರೆದಿಟ್ಟುಕೊಂಡು, ಆಮೇಲೆ ಕಣ್ಣಿಗೆ ಕಾಣುವ ಬಿಂದು ಅದಕ್ಕಿಂತ ದೂರದಲ್ಲಿದ್ದರೆ ನೆರಳು ಎನ್ನುವುದು. ಅಲ್ಲೂ ಇದೇ ಚುಕ್ಕಿಗಳ ತೊಂದರೆ, ಇದೇ ಮದ್ದು.

ನಮ್ಮ ನೆರಳಿನ ಅಂಚು ಕತ್ತರಿಸಿದಂತೆ ಚೂಪಾಗಿರುತ್ತದೆ. ಸೂರ್ಯನೇ ಆಗಲಿ ಟ್ಯೂಬ್‌ಲೈಟೇ ಆಗಲಿ ಬಿಂದುವಲ್ಲ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ, ಹಾಗಾಗಿ ನೆರಳು ಮಾಡುವ ವಸ್ತು ಒಂದು ಮೀಟರ್ ದೂರ ಸರಿದಂತೆಲ್ಲ ನೆರಳಿನ ಮಸುಕು ಅಂಚು ಸುಮಾರು 9 ಮಿಲಿಮೀಟರ್ ಅಗಲವಾಗುತ್ತದೆ. ಗೋಡೆಗೆ ಅಂಗೈ ತಾಗಿಸಿದಾಗ ಬೆರಳುಗಳ ನೆರಳು ಎಣಿಸುವಷ್ಟು ಸ್ಪಷ್ಟ, ತಾರಸಿಯ ತಂತಿಯ ನೆರಳು ಅಂಗಳದಲ್ಲಿ ಕಂಡೂ ಕಾಣದ ಹಾಗೆ. ಇದನ್ನು ಪಡೆಯಲು ದೀಪದ ದಿಕ್ಕನ್ನು ಆ ಅಗಲದೊಳಗೆ ಯಾದೃಚ್ಛಿಕವಾಗಿ ಕದಲಿಸಿ, ಒಂದರ ಬದಲು 16 ಕಿರಣ ಹೊರಡಿಸಿ ಸರಾಸರಿ ತೆಗೆಯಿರಿ.

ನೆರಳಿನೊಳಗಿನ ಬೆಳಕು

ಈಗ ನೆರಳು ಮಸಿಯಂತಿದೆ. ಹಳೆಯ ಮದ್ದು ಎಲ್ಲ ಕಡೆಗೂ ಒಂದಿಷ್ಟು ಸ್ಥಿರ ಬೆಳಕು ಕೂಡಿಸುವುದು. ಆಂಬಿಯೆಂಟ್ ಎಂದು ಕರೆಯುವ ಈ ಬೆಳಕನ್ನು ನಾನು ಆದಷ್ಟು ದೂರವಿಡುತ್ತೇನೆ, ಏಕೆಂದರೆ ನೆರಳಿನೊಳಗಿನ ಆಕಾರವನ್ನೆಲ್ಲ ಅದು ಚಪ್ಪಟೆ ಮಾಡುತ್ತದೆ. ಅಷ್ಟೇ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯದು, ನಾರ್ಮಲ್ ಮೇಲಕ್ಕೆ ನೋಡುತ್ತಿದ್ದರೆ ಆಕಾಶದ ತಿಳಿನೀಲಿಯನ್ನು, ಕೆಳಕ್ಕೆ ನೋಡುತ್ತಿದ್ದರೆ ನೆಲದ ಬಣ್ಣವನ್ನು ಬೆರೆಸುವುದು. ಬೆರೆಸುವ ಪ್ರಮಾಣ 0.5 + 0.5 × ವೈ. ನಮ್ಮ ಪಿಕ್ಸೆಲ್‌ನಲ್ಲಿ ವೈ ಸೊನ್ನೆ, ಆದ್ದರಿಂದ ಅರ್ಧ ಆಕಾಶ, ಅರ್ಧ ನೆಲ.

ಆದರೆ ಬೆಳಕು ವಸ್ತುವಿನಿಂದ ವಸ್ತುವಿಗೆ ಹಾಯುವುದನ್ನು ಇದು ತಿಳಿಯದು. ಬೆಂಗಳೂರು, ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಕಿಟಕಿಯ ಬಿಸಿಲು ಬಿದ್ದಾಗ ಪಕ್ಕದ ಬಿಳಿ ಗೋಡೆಯ ಬುಡಕ್ಕೆ ಕೆಂಪು ಛಾಯೆ ಏರುತ್ತದೆ. ಆ ಕೆಂಪು ಯಾವ ದೀಪದಿಂದಲೂ ಬಂದದ್ದಲ್ಲ, ನೆಲದಿಂದ ಪುಟಿದ ಬೆಳಕು. ಮಂಕು ಮೇಲ್ಮೈಗಳ ನಡುವಿನ ಈ ಕೊಡುಕೊಳ್ಳುವಿಕೆಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 1984ರಲ್ಲಿ ರೇಡಿಯೋಸಿಟಿ ಎಂಬ ವಿಧಾನದಿಂದ ಲೆಕ್ಕ ಹಾಕಿತು. ಜೇಮ್ಸ್ ಕಜಿಯಾ 1986ರಲ್ಲಿ ಇಡೀ ಪ್ರಶ್ನೆಯನ್ನು ಒಂದೇ ಸಮೀಕರಣಕ್ಕೆ ತಂದು ನಿಲ್ಲಿಸಿದರು: ಬಿಂದುವಿನಿಂದ ಹೊರಡುವ ಬೆಳಕು ಎಂದರೆ ಅದು ತಾನೇ ಹೊಮ್ಮಿಸುವ ಬೆಳಕು, ಜೊತೆಗೆ ಎಲ್ಲ ದಿಕ್ಕುಗಳಿಂದ ಬಂದು ಬಿದ್ದು ಆ ಕಡೆಗೆ ತಿರುಗಿದ ಬೆಳಕಿನ ಮೊತ್ತ. ಬರುವ ಬೆಳಕು ಇನ್ನೊಂದು ಬಿಂದುವಿನಿಂದ ಹೊರಟದ್ದೇ ಆದ್ದರಿಂದ ಸಮೀಕರಣ ತನ್ನನ್ನೇ ಕರೆಯುತ್ತದೆ, ಮತ್ತು ಪ್ರೋಗ್ರಾಮಿನಲ್ಲೂ ಅದು ತನ್ನನ್ನೇ ಕರೆಯುವ ಫಂಕ್ಷನ್ ಆಗುತ್ತದೆ. ಇದೇ ಪಾತ್ ಟ್ರೇಸಿಂಗ್.

ಬರೆಯುವುದು ಹೀಗೆ. ಬಿಂದುವಿನ ನಾರ್ಮಲ್‌ಗೆ ಯಾದೃಚ್ಛಿಕವಾದ ಒಂದು ಏಕಮಾನ ಸದಿಶವನ್ನು ಕೂಡಿಸಿ ಏಕಮಾನಕ್ಕೆ ತನ್ನಿರಿ. ಆ ದಿಕ್ಕಿನಲ್ಲಿ ಕಿರಣ ಹೊರಡಿಸಿ, ಅದು ತರುವ ಬೆಳಕನ್ನು ಮೇಲ್ಮೈಯ ಬಣ್ಣದಿಂದ ಗುಣಿಸಿ. ಹೀಗೆ ಆರಿಸಿದ ದಿಕ್ಕುಗಳು ನಾರ್ಮಲ್‌ನ ಸುತ್ತ ಕೊಸೈನ್‌ಗೆ ತಕ್ಕಂತೆಯೇ ದಟ್ಟವಾಗಿರುವುದರಿಂದ ಲ್ಯಾಂಬರ್ಟ್‌ನ ಕೊಸೈನ್ ಅನ್ನು ಮತ್ತೊಮ್ಮೆ ಗುಣಿಸಬಾರದು. ಮೊದಲ ಚಿತ್ರ ಮರಳು ಎರಚಿದಂತೆ ಇರುತ್ತದೆ. ಈ ಮರಳಿನಂಥ ಗದ್ದಲವನ್ನು ಅರ್ಧಕ್ಕಿಳಿಸಲು ಕಿರಣಗಳನ್ನು ನಾಲ್ಕು ಪಟ್ಟು ಮಾಡಬೇಕು.

ತಾಮ್ರದ ಚೊಂಬು

ಮಣ್ಣಿನ ಜಾಗದಲ್ಲಿ ಲೋಹ ಬೇಕೆಂದಾಗ ಕೇವಲ ಬಣ್ಣ ಬದಲಿಸಿದರೆ ತಾಮ್ರದ ಬಣ್ಣದ ಪ್ಲಾಸ್ಟಿಕ್ ಸಿಗುತ್ತದೆ. ಲೋಹದೊಳಕ್ಕೆ ಹೊಕ್ಕ ಬೆಳಕು ಅಲ್ಲೇ ಹೀರಿಹೋಗುವುದರಿಂದ ಅದಕ್ಕೆ ಲ್ಯಾಂಬರ್ಟ್ ಪಾಲೇ ಇಲ್ಲ, ಅದನ್ನು ಸೊನ್ನೆ ಮಾಡಬೇಕು. ಮತ್ತು ಅದರ ಹೊಳಪಿಗೇ ಬಣ್ಣವಿದೆ. ತಾಮ್ರಕ್ಕೆ ನೇರ ನೋಟದ ಬೆಲೆ ಸುಮಾರು (0.95, 0.64, 0.54). ಇಷ್ಟು ಮಾಡಿ ನೋಡಿದರೆ ಗೋಳ ಒಂದು ಚುಕ್ಕೆ ಬಿಟ್ಟು ಉಳಿದೆಡೆ ಕಪ್ಪಾಗಿ ಕಂಡು ನಿರಾಶೆಯಾಗಬಹುದು. ಲೆಕ್ಕ ಸರಿಯಾಗಿಯೇ ಇದೆ. ಪೂಜೆಗೆ ಬೆಳಗಿಟ್ಟ ಚೊಂಬಿನಲ್ಲಿ ನಾವು ಕಾಣುವುದು ಕಿಟಕಿ, ದೀಪ, ಎದುರು ನಿಂತವರ ಸೀರೆಯ ಅಂಚು. ಸುತ್ತಲೂ ಏನೂ ಇಲ್ಲದ ಕತ್ತಲಲ್ಲಿ ಚೊಂಬಿಗೆ ತೋರಿಸಲು ಏನೂ ಇಲ್ಲ. ಕಿರಣವನ್ನು ಕನ್ನಡಿಯ ದಿಕ್ಕಿಗೆ ತಿರುಗಿಸಿ ಕೋಣೆಯ ಚಿತ್ರವೊಂದರಿಂದ ಬಣ್ಣ ತನ್ನಿರಿ, ತಾಮ್ರ ತಾನಾಗಿ ಎದ್ದು ಬರುತ್ತದೆ.

ಲೋಹವಾಗಲಿ ಮೆರುಗಾಗಲಿ, ನೋಟ ಓರೆಯಾದಂತೆ ಪ್ರತಿಫಲನ ಏರುತ್ತದೆ. ಕೆರೆಯ ದಂಡೆಯಲ್ಲಿ ನಿಂತಾಗ ಕಾಲಬುಡದ ನೀರಿನಲ್ಲಿ ತಳದ ಕಲ್ಲು ಕಾಣುವುದೂ ದೂರದ ನೀರಿನಲ್ಲಿ ಬರೀ ಆಕಾಶ ಕಾಣುವುದೂ ಇದರಿಂದಲೇ. ಕ್ರಿಸ್ಟೋಫ್ ಶ್ಲಿಕ್ 1994ರಲ್ಲಿ ಕೊಟ್ಟ ಅಂದಾಜು ಸೂತ್ರ ಕೆಲಸಕ್ಕೆ ಸಾಕು:

ಪ್ರತಿಫಲನ = ನೇರಬೆಲೆ + (1 − ನೇರಬೆಲೆ) × (1 − ಕೊಸೈನ್)^5

ನೀರಿನ ನೇರಬೆಲೆ 0.02. ಲಂಬದಿಂದ 80 ಡಿಗ್ರಿ ಓರೆಯಾಗಿ ನೋಡಿದರೆ ಈ ಸೂತ್ರ ಸುಮಾರು 0.40 ಕೊಡುತ್ತದೆ, ಇಪ್ಪತ್ತು ಪಟ್ಟು. ನಮ್ಮ ಮೆರುಗಿನ ಗೋಳದಲ್ಲಿ 0.04ರ ಜಾಗಕ್ಕೆ ಇದನ್ನು ಇಟ್ಟರೆ ಅಂಚುಗಳಿಗೆ ಕೋಣೆಯ ಬೆಳಕು ತೆಳುವಾಗಿ ಹತ್ತುತ್ತದೆ. ಹೀಗೆ ಪ್ರತಿಫಲಿಸಿದಷ್ಟು ಬೆಳಕು ಒಳಹೊಕ್ಕಿಲ್ಲ ಎಂಬುದನ್ನು ಮರೆಯದೆ, ಮಣ್ಣಿನ ಪಾಲನ್ನು (1 − ಪ್ರತಿಫಲನ) ಇಂದ ಗುಣಿಸಬೇಕು.

ಬಿಳಿಯಲ್ಲಿ ಬಿಳಿ

ಇಷ್ಟೆಲ್ಲ ಸೇರಿಸಿದ ಮೇಲೆ ಎಲ್ಲೋ ಬೆಳಕು ಸೋರಿದೆಯೇ, ಎಲ್ಲಿಂದಲೋ ಸೃಷ್ಟಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಈ ಕಸುಬಿನವರು ಇದನ್ನು ಫರ್ನೇಸ್ ಟೆಸ್ಟ್ ಎನ್ನುತ್ತಾರೆ. ಗೋಡೆ ತೆಗೆಯಿರಿ, ದೀಪ ಆರಿಸಿ, ಸುತ್ತಲೂ ಎಲ್ಲ ದಿಕ್ಕಿನಿಂದಲೂ ಸಮನಾಗಿ 1ರಷ್ಟು ಬೆಳಕು ಬರುವಂತೆ ಮಾಡಿ, ಗೋಳದ ಬಣ್ಣವನ್ನು ಮೂರಕ್ಕೂ 1 ಎಂದಿಡಿ. ಬಂದ ಬೆಳಕನ್ನೆಲ್ಲ ತಿರುಗಿ ಕೊಡುವ ಗೋಳ ಅಂಥ ಹಿನ್ನೆಲೆಯಲ್ಲಿ ಕಾಣಿಸಲೇಬಾರದು. ಪಾತ್ ಟ್ರೇಸಿಂಗ್‌ನಲ್ಲಿ ಲ್ಯಾಂಬರ್ಟ್ ಪಾಲನ್ನು ಮಾತ್ರ ಇಟ್ಟು ಮೊದಲು ನೋಡಿ. ಗೋಳ 0.67ರ ಬೂದು ಬಣ್ಣದಲ್ಲಿ ಕಂಡರೆ ಕೊಸೈನ್ ಅನ್ನು ಎರಡು ಸಲ ಗುಣಿಸಿದ್ದೀರಿ. ದಿಕ್ಕುಗಳನ್ನು ಅರ್ಧಗೋಳದಲ್ಲಿ ಸಮನಾಗಿ ಆರಿಸಿಕೊಂಡಿದ್ದು ಗೋಳ 0.5ರಲ್ಲಿ ನಿಂತರೆ ಎರಡರಿಂದ ಗುಣಿಸುವುದು ಬಿಟ್ಟುಹೋಗಿದೆ. ಆಮೇಲೆ ಮೆರುಗನ್ನು ಸೇರಿಸಿ. ಈಗ ಗೋಳ ಹಿನ್ನೆಲೆಗಿಂತ ಬೆಳಗಿದರೆ ಮಣ್ಣಿನ ಪಾಲಿನಿಂದ ಪ್ರತಿಫಲನವನ್ನು ಕಳೆಯಲಿಲ್ಲ ಎಂದು ಅರ್ಥ. ಬ್ಲಿನ್ ಸೂತ್ರದ ಗುಣಕ ಅಂದಾಜಿನದಾದ್ದರಿಂದ ಅಂಚಿನಲ್ಲಿ ತುಸು ಮಬ್ಬು ಉಳಿದರೆ ಚಿಂತೆಯಿಲ್ಲ, ಬೆಳಗು ಉಳಿಯಬಾರದು. ಲ್ಯಾಂಬರ್ಟ್ ಗೋಳ ಬಿಳಿಯೊಳಗೆ ಪೂರ್ತಿ ಕರಗಿದ್ದನ್ನೂ ಮೆರುಗಿನ ಗೋಳ ಹಿನ್ನೆಲೆಯನ್ನು ಮೀರದಿರುವುದನ್ನೂ ನೋಡಿದ ಮೇಲೆ, ದೀಪವನ್ನು ಮತ್ತೆ (1, 2, 2) ದಿಕ್ಕಿಗೆ ಹಚ್ಚಿ, ಗೋಳಕ್ಕೆ 0.45, 0.15, 0.07ರ ಮಣ್ಣಿನ ಬಣ್ಣವನ್ನು ಮರಳಿ ತುಂಬಿರಿ.